ಮಾಬೂಬಿ ಚಾಚಿಯ ಮುಂದಿನ ಹಲ್ಲು

ಇವತ್ತು ಬೆಳಿಗ್ಗೆ ಅಂಗಿಗೆ ಗುಂಡಿ ಹಚ್ಚಿ, ದಾರ ಕಡಿಯಲೆಂದು ಬಾಯಿಗೆ ಒಯ್ದವಳು ಹಾಗೇ ತಡೆದೆ. ಕತ್ತರಿ ಹುಡುಕಿ ತೆಗೆಯುವಷ್ಟರಲ್ಲಿ ಒಂಬತ್ತರ ಬಸ್ಸು ಹೋಗಿಬಿಟ್ಟಿತ್ತು. ನೀವು ನಗಬಹುದು. ಆದರೆ ಒಂದು ಹಲ್ಲಿನ ವಿಷಯದಲ್ಲಿ ನಾನೊಮ್ಮೆ ವಾದ ಗೆದ್ದಿದ್ದೇನೆ. ಆ ಗೆಲುವಿನ ಕಥೆ ಕೇಳಿ ಆಮೇಲೆ ನಗಿ.

ಕಾಲೇಜಿನಲ್ಲಿ ನನಗೆ ಚರ್ಚಾಸ್ಪರ್ಧೆಯ ಹುಚ್ಚು. ಪರವೋ ವಿರೋಧವೋ, ಚೀಟಿಯಲ್ಲಿ ಏನು ಬಂದರೂ ಸರಿ. ಗೆದ್ದು ತಂದ ಕಪ್‌ಗಳಲ್ಲಿ ಅವ್ವ ಸೂಜಿ, ಪಿನ್ನು, ಹಳೆಯ ಗುಂಡಿಗಳನ್ನು ತುಂಬಿಡುತ್ತಿದ್ದಳು. ಆಗಲೇ ಹತ್ತಿಮತ್ತೂರಿನ ಶಾಲೆಯಲ್ಲಿ ಐದು ದಿನದ ಹಲ್ಲಿನ ಶಿಬಿರ ನಡೆದದ್ದು. ಸ್ಕಾಟ್ಲೆಂಡಿನ ಡಾಕ್ಟರುಗಳು ತಮ್ಮ ರಜೆ ಹಾಕಿ, ಪುಕ್ಕಟೆ ನೋಡಲು ಬಂದಿದ್ದರು. ಇಂಗ್ಲಿಷ್ ಬಲ್ಲವರು ಬೇಕೆಂದಾಗ ನಾನು ಸವಣೂರಿನಿಂದ ಹೋದೆ, ಸೇವೆ ಮಾಡಲಿಕ್ಕಲ್ಲ, ಹುಳುಕು ಹುಡುಕಲಿಕ್ಕೆ. ಇವರ ಊರಲ್ಲಿ ಬಾಯಿಗಳಿಲ್ಲವೇ? ನಮ್ಮ ಬಡತನದ ಫೋಟೋ ಎಷ್ಟು ತೆಗೆದುಕೊಳ್ಳುತ್ತಾರೆ? ಎಲ್ಲಕ್ಕಿಂತ ಮುಖ್ಯ, ಇವರು ವಿಮಾನ ಹತ್ತಿದ ಮೇಲೆ ನೋಡುವವರು ಯಾರು?

ನನ್ನನ್ನು ಡಾಕ್ಟರಬಾಯಿಯೊಬ್ಬರ ಪಕ್ಕ ನಿಲ್ಲಿಸಿದರು. ಅವರು ಪ್ರತಿ ಬಾಯಿಯೊಳಗೂ ಹೊಸ ಊರು ನೋಡುವವರಂತೆ ಇಣುಕುತ್ತಿದ್ದರು. ಫೋಟೋ ಒಂದೂ ತೆಗೆಯಲಿಲ್ಲ. ನಿಜ ಹೇಳಬೇಕೆಂದರೆ, ಅದರಿಂದ ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಕೊನೆಯ ದಿನ ಮಧ್ಯಾಹ್ನ ಮಾಬೂಬಿ ಚಾಚಿ ಬಂದಳು. ಅದೇ ಊರಲ್ಲಿ ಬ್ಲೌಸು ಹೊಲಿಯುವವಳು. ತಣ್ಣೀರು ತಾಗಿದರೆ ಮುಂದಿನ ಹಲ್ಲು ಜೀವ ತೆಗೆಯುತ್ತಿತ್ತು. ಆ ಹಲ್ಲಿನ ತುದಿಯಲ್ಲಿ, ಅರದಿಂದ ಉಜ್ಜಿದಂತೆ, ನೇರವಾದ ಒಂದು ಕಚ್ಚು. ಇದು ಹೇಗಾಯಿತೆಂದು ಡಾಕ್ಟರಬಾಯಿ ಬೆರಗಾಗಿ ಕೇಳಿದರು.

"ದಾರ ಕಡದ್ ಕಡದ್ ಬಿದ್ದೈತಿ. ಎರಡೂ ಕೈ ಬಟ್ಟಿ ಮ್ಯಾಲ ಇರ್ತಾವು. ಕತ್ತರಿ ಯಾರ್ ಹಿಡೀಬೇಕು?" ಎಂದಳು ಚಾಚಿ.

ಡಾಕ್ಟರಬಾಯಿ ನಕ್ಕು, ಆಮೇಲೆ ಗಂಭೀರವಾದರು. ಹುಳುಕು ಆಳಕ್ಕಿಳಿದಿದೆ, ಇವತ್ತು ತುಂಬಿದರೆ ಹಲ್ಲು ಉಳಿಯಬಹುದು, ಆದರೆ ಮುಂದೆ ಯಾರಾದರೂ ನೋಡುತ್ತಿರಬೇಕು, ಇಲ್ಲವಾದರೆ ಕೀಳಬೇಕು. ಯಾವುದು ಬೇಕು, ಅವರನ್ನು ಕೇಳು ಎಂದರು.

ನಾನು ಚಾಚಿಯನ್ನು ಕೇಳಲೇ ಇಲ್ಲ. ಐದು ದಿನದಿಂದ ಕಾದಿದ್ದ ಪ್ರಶ್ನೆ ನಾಲಗೆಯ ಮೇಲಿತ್ತು. "ನಾಳೆ ನೀವಿರುವುದಿಲ್ಲ. ಅರ್ಧ ಕೆಲಸ ಮಾಡಿ ಹೋಗುವುದನ್ನು ಉಪಕಾರ ಎನ್ನಬಹುದೇ?" ಅವರು ಉತ್ತರ ಕೊಟ್ಟರು, ನಾನು ಖಂಡಿಸಿದೆ. ಮತ್ತೊಂದು ಕೊಟ್ಟರು, ಅದನ್ನೂ ಖಂಡಿಸಿದೆ. ಕೊನೆಗೆ ಅವರು ಮೆತ್ತಗೆ, "ನೀನು ಹೇಳುವುದು ಸರಿ. ಹಾಗಾದರೆ ಕೀಳುವುದೇ ಕ್ಷೇಮ" ಎಂದು ಇಕ್ಕಳ ಎತ್ತಿಕೊಂಡರು. ಎದುರಾಳಿ ಸೋಲೊಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಇಕ್ಕಳ ಕಂಡ ಚಾಚಿ ದಡಕ್ಕನೆ ಎದ್ದು ಕುಳಿತಳು. "ಏ ಬೇಟಿ, ಇದ್ಯಾಕ? ತುಂಬಸ್ಕೊಳ್ಳಾಕ ಬಂದೇನಿ ನಾ. ಇಷ್ಟೊತ್ತು ನಂದ ಹೇಳಿದ್ಯೋ, ನಿಂದ ಹೇಳಿದ್ಯೋ?"

"ಚಾಚಿ, ನಾಳೆ ಇವ್ರು ಹೋಗ್ತಾರ. ತುಂಬಿದ್ದು ಬಿದ್ರ ಯಾರ್ ನೋಡ್ಬೇಕು?"

"ನಾಳೆ ಬೀಳೂದಕ್ಕ ಇವತ್ತ ಕಿತ್ತ ಒಗೀಬೇಕೇನು? ಹಾವೇರಿಗೆ ಬಸ್ ಇಲ್ಲೇನು? ಬಿದ್ರ ಹೋಗೂಣಂತ."

"ಹೋಗೂಣಂದ್ರ? ಯಾರ್ಯಾರು?"

"ನಾನೂ ನೀನೂ. ನನ್ನ ಹಲ್ಲಿನ ಚಿಂತಿ ನನಗಿಂತ ನಿನಗ ಭಾಳ ಐತಲ್ಲ!"

ಸಾಲಿನಲ್ಲಿ ಕುಳಿತವರೆಲ್ಲ ಗೊಳ್ಳೆಂದರು. ಏನಂತೆ ಎಂದು ಡಾಕ್ಟರಬಾಯಿ ಕೇಳಿದಾಗ, ನನ್ನದೊಂದು ಅಕ್ಷರ ಸೇರಿಸದೆ ಹೇಳಿದೆ. ಅವರು ಇಕ್ಕಳ ಕೆಳಗಿಟ್ಟರು. ತುಂಬಿದ ಮೇಲೆ, ಇನ್ನು ದಾರ ಕಡಿಯಕೂಡದೆಂದು ನನ್ನಿಂದ ಎರಡು ಸಲ ಹೇಳಿಸಿದರು.

ಮರುವರ್ಷ ತುಂಬಿದ್ದು ಬಿತ್ತು. ನನ್ನ ವಾದವೇ ನಿಜವಾಯಿತೆಂದು ಹಾವೇರಿಯ ಬಸ್ಸಿನಲ್ಲಿ ಬೀಗುತ್ತಾ ಕೇಳಿದೆ, "ದಾರ ಕಡದಿಯೇನು ಚಾಚಿ?"

"ಒಮ್ಮೆ. ಹಬ್ಬದ ಗದ್ದಲದಾಗ."

"ಒಮ್ಮೆ ಅಂದ್ರ?"

"ಸುಮ್ನ ಕುಂದ್ರ" ಎಂದು ಕಿಟಕಿಯತ್ತ ತಿರುಗಿದಳು. ಹಾವೇರಿಯ ಡಾಕ್ಟರು ಮತ್ತೆ ತುಂಬಿಕೊಟ್ಟರು. ಹಲ್ಲು ಇವತ್ತಿಗೂ ಇದೆ. ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುತ್ತೇವೆ, ನಾನೂ ಅವಳೂ.

ಶಿಬಿರದ ಬ್ಯಾನರ್ ಕಂಡರೆ ಈಗಲೂ ನಾನು ಅದೇ ಪ್ರಶ್ನೆ ಕೇಳುತ್ತೇನೆ: ಇವರು ಹೋದ ಮೇಲೆ ಯಾರು? ಕೇಳಿದವರೇ ಬಸ್ಸು ಹತ್ತಬೇಕಾದೀತು ಎಂಬುದು ಗೊತ್ತಿದ್ದೂ ಕೇಳುತ್ತೇನೆ.

ಕತ್ತರಿ ಇವತ್ತು ಕೊನೆಗೆ ಸಿಕ್ಕಿದ್ದು ಆ ಕಪ್‌ಗಳಲ್ಲೊಂದರ ತಳದಲ್ಲಿ. ಅಷ್ಟರಲ್ಲಿ ಹಾವೇರಿಯ ಬಸ್‌ಸ್ಟ್ಯಾಂಡಿನಿಂದ ಚಾಚಿಯ ಫೋನು.

"ಎಲ್ಲಿದ್ದೀ ಬೇಟಿ? ನಾ ಬಂದ್ ಕುಂತೇನಿ."

"ಬಸ್ ತಪ್ತು ಚಾಚಿ. ದಾರ ಕತ್ತರಸಾಕ ಕತ್ತರಿ ಹುಡಕಾಕತ್ತಿದ್ದೆ."

"ಕತ್ತರಿ? ಯಾಕ, ಬಾಯಾಗ ಹಲ್ಲಿಲ್ಲೇನು ನಿನಗ?"

ಇದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿತ್ತು. ಕೊಡಲಿಲ್ಲ. ಹತ್ತರ ಬಸ್ಸು ಹಿಡಿದೆ.