ಅಕ್ಕನ ಗೋಡೆಗೆ ಬಂದ ಬೀದಿ

ಗಾರೆ ಕೆಲಸದವನ ಕಣ್ಣು ಗೋಡೆಯ ಮೇಲಿರಬೇಕು. ಈ ಮೇಸ್ತ್ರಿಯ ಕಣ್ಣು ಗೋಡೆಯೊಂದನ್ನು ಬಿಟ್ಟು ಮಿಕ್ಕೆಲ್ಲದರ ಮೇಲೂ ಇರುತ್ತಿತ್ತು. ಕೈ ಮಾತ್ರ ಗೋಡೆ ಬಿಟ್ಟು ಅಲುಗುತ್ತಿರಲಿಲ್ಲ, ಅದರಿಂದ ಹೊಟ್ಟೆಪಾಡು ನಡೆಯುತ್ತಿತ್ತು. ಸಾರುವೆಯ ಹಲಗೆ ಮೇಲೆ ನಿಂತು ಕರಣೆ ಆಡಿಸುತ್ತಿದ್ದವನು ಇದ್ದಕ್ಕಿದ್ದಂತೆ "ಇಲ್ನೋಡಿ" ಅನ್ನುವನು. ಕೆಳಗೆ ಗಾರೆ ಕಲಸುವವರು ಹಾವೋ ಚೇಳೋ ಎಂದು ಸಲಿಕೆ ಎತ್ತಿಕೊಂಡು ಓಡಿಬಂದರೆ, ಇಟ್ಟಿಗೆ ಸಂದಿಯಲ್ಲಿ ಒಂದು ಜೇಡ ತನ್ನ ಹಳೇ ಚರ್ಮ ಕಳಚಿ, ಕಾಲುಗಳೆಲ್ಲ ಹಾಗೇ ಇದ್ದ ಆ ಅಂಗಿಯನ್ನು ಬಲೆಗೆ ನೇತುಹಾಕಿ ಹೋಗಿರುವುದು. ಇನ್ನೊಂದು ದಿನ ಸುಣ್ಣದ ತೊಟ್ಟಿಯ ಮೇಲೆ ಕಟ್ಟಿದ ತೆಳು ಕೆನೆ ಬಿಸಿಲಿಗೆ ಬಣ್ಣ ಬಣ್ಣವಾಗಿ ಹೊಳೆಯುವುದು. ಮತ್ತೊಂದು ದಿನ ಇರುವೆಗಳು ಚಿಟ್ಟೆಯ ಒಂದೇ ಒಂದು ರೆಕ್ಕೆಯನ್ನು ದೋಣಿಯ ಹಾಯಿಯಂತೆ ನೆಟ್ಟಗೆ ಹಿಡಿದು ಮರಳಗುಡ್ಡೆ ದಾಟುವುದು. ಬಂದವರು ಹಣೆ ಚಚ್ಚಿಕೊಂಡು, ಬಾಯಿಗೆ ಬಂದದ್ದು ಬೈದು ವಾಪಸ್ ಹೋಗುವರು. ಹೀಗಾಗಿ ಅವನ ಹೆಸರೇ ಇಲ್ನೋಡಿ ಮೇಸ್ತ್ರಿ ಎಂದಾಯಿತು. ಅಪ್ಪ ಇಟ್ಟ ಹೆಸರನ್ನು ಅವನ ಹೆಂಡತಿಯೂ ಮರೆತಿರಬೇಕು.

ಆದರೆ ಆ ಮಾತು ಅವನದಲ್ಲ, ಅವನ ಅಕ್ಕನದು. ತಾಯಿ ಕಣ್ಮುಚ್ಚಿದಾಗ ಇವನಿನ್ನೂ ಅಂಬೆಗಾಲಿಡುವ ಕೂಸು. ಅಕ್ಕ ಇವನನ್ನು ಸೊಂಟಕ್ಕೇರಿಸಿಕೊಂಡೇ ಕಂಡವರ ಮನೆಯ ಪಾತ್ರೆ ತೊಳೆದಳು. ಅಳುವ ತಮ್ಮನ ಕೈಗೆ ಕೊಡಲು ಏನೂ ಇಲ್ಲದಾಗ "ಇಲ್ನೋಡು" ಎನ್ನುವಳು. ಸೋಪಿನ ಗುಳ್ಳೆಯೊಳಗೆ ಇಡೀ ಕಿಟಕಿ ಬೆನ್ನು ಬಾಗಿಸಿ ಕೂತಿರುತ್ತಿತ್ತು. ಹಸಿವು ಮರೆಯುತ್ತಿತ್ತೋ ಇಲ್ಲವೋ, ಅಳು ಮರೆಯುತ್ತಿತ್ತು. ಮದುವೆಯ ಮಾತು ಬಂದಾಗಲೆಲ್ಲ ತಮ್ಮನ ಕಡೆ ಕೈ ತೋರಿಸಿ ಮುಂದಕ್ಕೆ ಹಾಕಿದಳು. ಹಾಕಿ ಹಾಕಿ ವಯಸ್ಸೇ ಮುಂದೆ ಹೋಯಿತು.

ಅಂಥ ಅಕ್ಕನಿಗೆ ಒಂದು ಬೆಳಗ್ಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತು ಹೋಯಿತು, ಕುತ್ತಿಗೆ ಗೂಟ ಹೊಡೆದಂತೆ ನಿಂತಿತು. ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ಇದ್ದದ್ದು ಅಡುಗೆಮನೆ ಮತ್ತು ಒಂದು ಉದ್ದನೆಯ ಕೋಣೆ. ಮಂಚ ಹಾಕಿದರೆ ಪಕ್ಕದಲ್ಲಿ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ, ಅದನ್ನು ತಿರುಗಿಸಿ ಹಾಕುವ ಮಾತೇ ಇಲ್ಲ. ಕಿಟಕಿ ಇದ್ದದ್ದು ಅಕ್ಕನ ತಲೆಯ ಹಿಂದೆ. ಅವಳ ಕಣ್ಣಿಗೆ ಸಿಕ್ಕಿದ್ದು ಸೂರು, ಮತ್ತು ಕಾಲ ಕಡೆಯ ಗೋಡೆ. ಊರಿಗೆಲ್ಲ ಗೋಡೆ ಮಾಡಿಕೊಟ್ಟವನು ನಾನು, ಕೊನೆಗೆ ನನ್ನಕ್ಕನಿಗೂ ನೋಡೋಕೆ ಗೋಡೆಯೇ ಕೊಟ್ಟೆನಲ್ಲ ಎಂದು ಅವನು ಒಳಗೊಳಗೇ ಬೇಯುತ್ತಿದ್ದ.

ಡಾಕ್ಟರು ಒಳ್ಳೆಯ ಮನುಷ್ಯ, ಮುಚ್ಚುಮರೆ ಮಾಡಲಿಲ್ಲ. ಕಣ್ಣಿಗೆ ಕಾಣುತ್ತಿದೆ, ಆದರೆ ಕಂಡದ್ದು ಒಳಕ್ಕೆ ಹೋಗುತ್ತಿದೆಯೋ ಇಲ್ಲವೋ ತನಗೂ ತಿಳಿಯದು ಎಂದು ಹೇಳಿಬಿಟ್ಟರು. ಅಂದಿನಿಂದ ಮೇಸ್ತ್ರಿಗೆ ಬೇರೆ ಯಾವ ಆಸೆಯೂ ಉಳಿಯಲಿಲ್ಲ. ಅಕ್ಕ ಎದ್ದು ಓಡಾಡಲಿ ಎಂದು ಅವನು ಕೇಳಲಿಲ್ಲ. ಒಂದು ಸಲ, ಒಂದೇ ಸಲ, ನಾನು ತೋರಿಸಿದ್ದನ್ನು ಅವಳು ಕಂಡಳು ಎಂದು ನನಗೆ ಗೊತ್ತಾಗಲಿ, ಅಷ್ಟು ಸಾಕು ಎಂದುಕೊಂಡ. ಬೆಂಕಿಪೊಟ್ಟಣದಲ್ಲಿ ಜೇಡದ ಅಂಗಿ ತಂದು ಮುಖದ ಮೇಲೆ ಹಿಡಿದ. ಕಡುನೀಲಿ ಗರಿ ತಂದ. ಮಧ್ಯೆ ನೀರಿನ ಹನಿ ಸಿಕ್ಕಿಕೊಂಡಿದ್ದ ಗಾಜಿನಂಥ ಕಲ್ಲು ತಂದು ಅಲುಗಿಸಿದ. ಅಕ್ಕನ ಕಣ್ಣು ಅವುಗಳನ್ನು ಹಾದು ಸೂರಿಗೇ ಹೋಗಿ ನಿಲ್ಲುತ್ತಿತ್ತು.

ಒಂದು ಬೇಸಿಗೆ ಹಳೇ ಗೋದಾಮೊಂದರ ಒಳಗೆ ಕೆಲಸ ಸಿಕ್ಕಿತು. ಊಟ ಮುಗಿಸಿ, ಬಿಸಿಲ ಝಳ ತಡೆಯಲಾರದೆ, ತಗಡಿನ ಬಾಗಿಲು ಎಳೆದುಕೊಂಡು ಮೇಸ್ತ್ರಿ ನೆಲದ ಮೇಲೆ ಉರುಳಿದ. ಕಣ್ಣು ಕತ್ತಲೆಗೆ ಹೊಂದಿಕೊಂಡಿತು. ಎದುರಿಗೆ ಬಣ್ಣದವನು ಹಿಂದಿನ ದಿನ ಬಿಳಿ ಬಳಿದಿದ್ದ ಗೋಡೆ. ಆ ಗೋಡೆಯ ಮೇಲೆ ಒಂದು ಸೈಕಲ್ಲು, ಚಕ್ರ ಮೇಲಾಗಿ ಸವಾರ ತಲೆಕೆಳಗಾಗಿ, ಸದ್ದಿಲ್ಲದೆ ಹೋಯಿತು. ಹಿಂದೆಯೇ ಕೊಡೆ ಹಿಡಿದ ಹೆಂಗಸು, ಅವಳೂ ತಲೆಕೆಳಗೆ, ಕೊಡೆಯ ಕೆಂಪು ಕೂಡ ಮಾಸದೆ. ಗೋಡೆಯ ಬುಡದಲ್ಲಿ ಆಕಾಶ, ಮೇಲೆ ಬೀದಿ. ಮೇಸ್ತ್ರಿ ಎದ್ದು ಕೂತ. ಸುತ್ತ ಹುಡುಕಿದರೆ ತಗಡಿನ ಬಾಗಿಲಲ್ಲಿ ಯಾರೋ ಹೊಡೆದು ಕಿತ್ತ ಮೊಳೆಯ ತೂತು. ಇಡೀ ಬೀದಿ ಆ ತೂತಿನಲ್ಲಿ ನುಸುಳಿ ಬರುತ್ತಿತ್ತು.

ಅಭ್ಯಾಸಬಲ, "ಇಲ್ನೋಡಿ" ಎಂದು ಕೂಗಿಬಿಟ್ಟ. ಹೊರಗಿದ್ದವರು ಬಂದು ಬಾಗಿಲು ತೆಗೆದರು. ಬಾಗಿಲು ತೆಗೆದರೆ ಇನ್ನೇನು ಉಳಿದೀತು. ಬಿಸಿಲು ಒಳಗೆ ನುಗ್ಗಿ ಬೀದಿಯನ್ನು ನುಂಗಿ ಹಾಕಿತು. ಗೋಡೆಯಲ್ಲಿ ಬೀದಿ ಹೋಗುತ್ತಿತ್ತು ಎಂದು ಇವನು ಹೇಳಿದ್ದೇ ತಡ, ಅವರು ಬಿದ್ದು ಬಿದ್ದು ನಕ್ಕರು. ಆ ಬಣ್ಣದವನು ಮಾತ್ರ, ಇವನ ಬಹುಕಾಲದ ಜತೆಗಾರ, ಹೋಗಲಿ ಪಾಪ ಎಂದು ಒಳಗೇ ಕೂತು ಬಾಗಿಲು ಹಾಕಿಸಿದ. ಕಣ್ಣು ಕತ್ತಲೆಗೆ ಹೊಂದುವ ತನಕ ಗೋಡೆಯನ್ನೇ ನೋಡಿದ. ಆಮೇಲೆ ಮೆಲ್ಲಗೆ ಅಂದ:

"ಅಯ್ಯೋ ನಿನ್ನ. ಅದು ನನ್ನ ಸೈಕಲ್ಲು ಕಣೋ, ಆ ಬೇಲಿಗೆ ಒರಗಿಸಿರೋದು."

ಮೇಸ್ತ್ರಿಗೆ ಅಷ್ಟರಲ್ಲೇ ಅಕ್ಕನ ಕೋಣೆ ನೆನಪಾಗಿತ್ತು. ಅವಳ ಕಿಟಕಿಯ ಆಚೆ ಖಾಲಿ ಜಾಗ, ಅದರಾಚೆ ತರಕಾರಿ ಗಾಡಿಗಳು ನಿಲ್ಲುವ ಬೀದಿ, ಬೀದಿಗೊಂದು ದೊಡ್ಡ ಮರ. ಮಹಡಿಯಿಂದ ನೋಡಿದರೆ ಬೀದಿ ಕೆಳಗಿದೆ. ತೂತಿನಲ್ಲಿ ಮಗುಚಿ ಬಂದರೆ ಅದು ಗೋಡೆಯ ಮೇಲುಭಾಗಕ್ಕೆ, ಸೂರಿನ ಹತ್ತಿರಕ್ಕೆ, ಅಂದರೆ ಅಕ್ಕನ ಕಣ್ಣು ಹೋಗಿ ನಿಲ್ಲುವ ಜಾಗಕ್ಕೇ ಬರಬೇಕು.

ಜೀವಮಾನವೆಲ್ಲ ತೂತು ಮುಚ್ಚಿದವನಿಗೆ ತೂತು ಮಾಡಲು ಬರಲಿಲ್ಲ. ಕಿಟಕಿ ಬಾಗಿಲ ಹಲಗೆಗೆ ಮೊದಲ ಸಲ ಹೊಡೆದದ್ದು ಬೆರಳು ತೂರುವಷ್ಟಾಯಿತು. ಗೋಡೆಯ ಮೇಲೆ ಬೆಳಕಿನ ಬೊಬ್ಬೆಯೊಂದು ಬಿತ್ತೇ ವಿನಾ ಬೀದಿ ಬರಲಿಲ್ಲ. ಮಣ್ಣು ಮೆತ್ತಿ ಮುಚ್ಚಿ, ಒಣಗಿದ ಮೇಲೆ ಸಣ್ಣ ಮೊಳೆಯಿಂದ ಚುಚ್ಚಿದ. ಸಂದಿಗೆಲ್ಲ ಬಟ್ಟೆ ತುರುಕಿದ. ಆಗ ನಿಧಾನವಾಗಿ, ನೀರಿನ ತಳದಿಂದ ಮೇಲೆದ್ದ ಹಾಗೆ, ಬೀದಿ ಬಂತು. ಗಾಡಿಗಳು, ಜನ, ಅವರ ಕೆಳಗೆ ಮರ, ಎಲೆ ಅಲುಗುವುದೂ ಕಾಣುವಂತೆ, ಎಲ್ಲಕ್ಕಿಂತ ಕೆಳಗೆ ಮಂಚದ ಕಾಲಿನ ಹತ್ತಿರ ಆಕಾಶ. ಮೇಸ್ತ್ರಿ ಅಕ್ಕನ ಕಿವಿಯ ಬಳಿ ಬಗ್ಗಿ, ಅವಳೇ ಕಲಿಸಿದ ಮಾತನ್ನು ಹೇಳಿದ. ಅವಳ ಕಣ್ಣು ಸೂರನ್ನೇ ನೋಡುತ್ತಿತ್ತು. ಆದರೆ ಈಗ ಅಲ್ಲಿ ಬೀದಿಯಿತ್ತು.

ಹೆಂಡತಿಗೆ ಇದು ಸರಿಬರಲಿಲ್ಲ. ಅವಳದೂ ತಪ್ಪಲ್ಲ. ಅಕ್ಕನ ಮೈ ಒರೆಸುವವಳು, ಹೊದಿಕೆ ಬದಲಾಯಿಸುವವಳು, ಚಮಚದಲ್ಲಿ ಗಂಜಿ ಕುಡಿಸುವವಳು ಅವಳು. ಇವನು ಬಂದು ಬೆರಗು ತೋರಿಸಿ ಕೆಲಸಕ್ಕೆ ಹೋಗುವ ಗಿರಾಕಿ. ಇರುವ ಒಂದು ಕಿಟಕಿಯನ್ನೂ ಮುಚ್ಚಿ ರೋಗಿಯನ್ನು ಕತ್ತಲಲ್ಲಿ ಹಾಕಿದ್ದಾರೆ ಎಂದು ಕೆಳಗಿನ ಮನೆಯವರು ಆಡಿಕೊಳ್ಳತೊಡಗಿದ್ದರು. ಬಾಯಿಗೆ ಬೀಗವಿಲ್ಲದ ಜನ ಎಲ್ಲೆಡೆ ಇರುತ್ತಾರೆ. ರೋಗಿಗೆ ಒಂದು ಲೋಟ ನೀರು ಕೊಡಲು ಮೆಟ್ಟಿಲು ಹತ್ತದವರು ಕಿಟಕಿಯ ಲೆಕ್ಕ ಕೇಳಲು ಹತ್ತುತ್ತಾರೆ.

"ನೀವು ಕರಣೆ ಹಿಡ್ಕೊಂಡು ಹೊರಟುಹೋಗ್ತೀರಿ ರೀ," ಅಂದಳು ಹೆಂಡತಿ. "ಬಾಗಿಲಲ್ಲಿ ನಿಂತು ಅವರಿಗೆಲ್ಲ ಜವಾಬು ಹೇಳೋಳು ನಾನು."

ಬಿಸಿಲು ಬೀದಿಗೆ ಬೀಳುವ ಹೊತ್ತು ಮಾತ್ರ ಮುಚ್ಚುವುದು, ಮಿಕ್ಕಂತೆ ತೆಗೆದಿಡುವುದು ಎಂದು ರಾಜಿಯಾಯಿತು. ಬರಬರುತ್ತ ಹೆಂಡತಿಯೇ ಬೆಳಗಿನ ಕೆಲಸ ಮುಗಿಸಿ ಅಲ್ಲಿ ಕೂರತೊಡಗಿದಳು. ತರಕಾರಿಯವನು ತೂಕದಲ್ಲಿ ಮೋಸ ಮಾಡುವುದು ತಲೆಕೆಳಗಾಗಿಯೂ ಕಾಣುತ್ತದೆ ಎಂದು ಅವಳು ಹೇಳಿದ ದಿನ ಮೇಸ್ತ್ರಿ ಬಹಳ ದಿನದ ಮೇಲೆ ನಕ್ಕ.

ಅದಾದ ಕೆಲವು ದಿನಕ್ಕೆ ಒಂದು ಬೆಳಗ್ಗೆ, ಅವನು ಪಕ್ಕದಲ್ಲೇ ನಿಂತಿದ್ದಾಗ, ಅಕ್ಕನ ಎಡಗೈ ಹೊದಿಕೆಯಿಂದ ಎದ್ದಿತು. ಅಂಗೈ ಮೇಲಾಗಿದ್ದದ್ದು ನಿಧಾನಕ್ಕೆ ಕೆಳಮುಖವಾಗಿ ತಿರುಗಿತು, ಮಗುಚಿದ ಬಟ್ಟಲನ್ನು ಸರಿಯಾಗಿ ಇಡುವ ಹಾಗೆ. ಮತ್ತೆ ಹೊದಿಕೆಯ ಮೇಲೆ ಬಿತ್ತು. ಮೇಸ್ತ್ರಿ ಗೋಡೆಯ ಕಡೆ ನೋಡಿದ, ಅಕ್ಕನ ಕಡೆ ನೋಡಿದ. ತಲೆಕೆಳಗಾದ ಬೀದಿಯನ್ನು ಅಕ್ಕ ನೆಟ್ಟಗೆ ಮಾಡಲು ನೋಡಿದಳು, ಅಂದರೆ ಅವಳಿಗೆ ಕಂಡಿದೆ, ತಿಳಿದಿದೆ. ಹೆಂಡತಿ ಅವನ ಮುಖ ನೋಡಿ, ನೋಯಿಸಲು ಮನಸ್ಸಿಲ್ಲದೆ, ನರ ಎಳೆದರೆ ಹಾಗೆ ಕೈ ಏಳುತ್ತದಂತೆ, ಡಾಕ್ಟರೇ ಹೇಳಿದ್ದರು ಎಂದು ನೆನಪಿಸಿದಳು. ಅವನು ಸಿಡುಕಿ ಹೊರಗೆ ಹೋದ. ಮತ್ತೊಮ್ಮೆ ಏಳಲಿ, ಆಗ ಗೊತ್ತಾಗುತ್ತದೆ ಎಂದು ದಿನವೂ ಕಾದ. ಅವನಿದ್ದಾಗ ಆ ಕೈ ಮತ್ತೆ ಏಳಲಿಲ್ಲ.

ಹೀಗೆ ಕಾಯುತ್ತಿರುವಾಗಲೇ ಖಾಲಿ ಜಾಗದಲ್ಲಿ ಇಟ್ಟಿಗೆ ಬಂದು ಬಿತ್ತು. ಕಟ್ಟುವವನು ಬೇರೆ ಯಾರೂ ಅಲ್ಲ, ಮೇಸ್ತ್ರಿಗೆ ಎಷ್ಟೋ ವರ್ಷದಿಂದ ಕೆಲಸ ಕೊಡುತ್ತಿದ್ದ ಕಂಟ್ರಾಕ್ಟರೇ. ಮೇಸ್ತ್ರಿ ಓಡಿಹೋಗಿ ಅವನ ಮುಂದೆ ನಿಂತ. ಅಕ್ಕ, ಗೋಡೆ, ಮೊಳೆ ತೂತು, ಬೀದಿ ಎಂದು ಏನೇನೋ ಹೇಳಿದ. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಹುಚ್ಚನ ಮಾತಿನ ಹಾಗೆ ಕೇಳಿಸಿತು. ಕಂಟ್ರಾಕ್ಟರ್ ಕೆಟ್ಟವನಲ್ಲ, ಪೂರ್ತಿ ಕೇಳಿಸಿಕೊಂಡ. ಕೆಟ್ಟವನಾಗಿದ್ದರೆ ಕಾಲರ್ ಹಿಡಿದಾದರೂ ಜಗಳ ಆಡಬಹುದಿತ್ತು.

"ಜಾಗ ಮಾಲೀಕರದು, ನಕ್ಷೆ ಅವರದು," ಅಂದ. "ನಾನು ಬಿಟ್ಟರೆ ಇನ್ನೊಬ್ಬ ಕಟ್ಟುತ್ತಾನೆ. ನನ್ನ ಕೈಲೇನಿದೆ ಹೇಳು."

ಮೇಸ್ತ್ರಿ ಇಟ್ಟಿಗೆಯ ರಾಶಿ ಸುತ್ತಿಕೊಂಡು ಮನೆಗೆ ಬಂದ.

ಗೋಡೆ ಎದ್ದಿತು. ಹೊರಗೆ ಅದು ಮೇಲಕ್ಕೇರುತ್ತಿತ್ತು, ಅಕ್ಕನ ಕೋಣೆಯಲ್ಲಿ ಮೇಲಿನಿಂದ ಇಳಿಯುತ್ತಿತ್ತು. ಮೊದಲು ಸೂರಿನ ಹತ್ತಿರದ ಗಾಡಿಗಳು ಹೋದವು. ಆಮೇಲೆ ಜನರ ಕಾಲು, ಸೊಂಟ, ತಲೆ. ದಿನದಿಂದ ದಿನಕ್ಕೆ ಇಟ್ಟಿಗೆಯ ಸಾಲು ಅಕ್ಕನ ಕಡೆಗೆ ಇಳಿದು ಬರುತ್ತಿತ್ತು. ಮೇಸ್ತ್ರಿ ಮರವನ್ನು ನೆಚ್ಚಿಕೊಂಡಿದ್ದ, ಅದು ದೊಡ್ಡ ಮರ, ಇಷ್ಟು ಬೇಗ ಹೋಗದು ಎಂದು. ಮರವೂ ಹೋಯಿತು. ಕೊನೆಗೆ ಬುಡದಲ್ಲಿ ಒಂದು ಪಟ್ಟಿ ಆಕಾಶ ಉಳಿದಿತ್ತು, ಒಂದು ಸಂಜೆ ಅವನು ಕೆಲಸದಿಂದ ಬರುವಷ್ಟರಲ್ಲಿ ಅದೂ ಇರಲಿಲ್ಲ. ತೂತನ್ನು ಎತ್ತರಕ್ಕೆ ಮಾಡಿ ನೋಡಿದ, ಮೂಲೆಗೆ ಮಾಡಿ ನೋಡಿದ. ಎಲ್ಲಿ ಚುಚ್ಚಿದರೂ ಇಟ್ಟಿಗೆಯೇ ಬಂತು.

ಆ ಗೋಡೆಗೆ ಸಾರಣೆ ಮಾಡಲು ಕಂಟ್ರಾಕ್ಟರ್ ಕರೆದದ್ದು ಅವನನ್ನೇ. ಬಣ್ಣದವನು ಬೇಡವೆಂದ, ಹೆಂಡತಿಯೂ ಬೇಡವೆಂದಳು. ಅವನು ಒಪ್ಪಿಕೊಂಡ. ಪಕ್ಕದ ಗೋಡೆಗೆ ಒರಟು ಗಾರೆ ಎರಚಿ ಬಿಡುವುದು ವಾಡಿಕೆ, ಎರಡು ಕಟ್ಟಡದ ನಡುವಿನ ಸಂದಿಯನ್ನು ಯಾರು ನೋಡುತ್ತಾರೆ ಎಂದು ಬಣ್ಣವನ್ನೂ ಬಳಿಯುವುದಿಲ್ಲ. ಬೇರೆಯವನ ಕೈಗೆ ಕೊಟ್ಟರೆ ಅಕ್ಕ ಸಾಯುವತನಕ ತೂತಿನಿಂದ ಬರುವ ಆ ಒರಟನ್ನೇ ನೋಡಬೇಕು. ಬಿಳಿ ಬಳಿಯಲು ಅಪ್ಪಣೆ ಕೇಳಿದ, ಸಿಗಲಿಲ್ಲ. ನುಣುಪು ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಡವೆಂದು ಸಾರುವೆ ಹತ್ತಿದ.

ಸಂದಿ ಎಷ್ಟು ಕಿರಿದೆಂದರೆ ಹಲಗೆಯ ಮೇಲೆ ನಿಂತು ಕೈ ಚಾಚಿದರೆ ಅಕ್ಕನ ಕಿಟಕಿ ಮುಟ್ಟುತ್ತಿತ್ತು. ನಡುಮಧ್ಯಾಹ್ನ ಮಾತ್ರ, ತುಸು ಹೊತ್ತು, ಬಿಸಿಲು ನೆತ್ತಿಯಿಂದ ನೇರವಾಗಿ ಒಳಗಿಳಿಯಿತು. ಹಸಿ ಗಾರೆ ಹೊಳೆಯಿತು, ಅವನ ತೋಳು ಹೊಳೆಯಿತು. ಆಗ ಅವನಿಗೆ ಥಟ್ಟನೆ ಹೊಳೆಯಿತು, ಗಾರೆ ಸಿಡಿಯದಿರಲೆಂದು ಮುಚ್ಚಿದ ಆ ಕಿಟಕಿಯೊಳಗೆ, ಸೂರಿನ ಕೆಳಗೆ, ತೂತಿನಿಂದ ನುಸುಳಿ ತಾನೇ ತಲೆಕೆಳಗಾಗಿ ನೇತಾಡುತ್ತಿದ್ದೇನೆ ಎಂದು. ಬೀದಿ ಹೋದ ಜಾಗದಲ್ಲಿ ಈಗ ಇರುವವನು ತಾನೊಬ್ಬನೇ.

ಕಿಟಕಿಯ ಹಲಗೆಗೆ ಬಾಯಿಟ್ಟು ಹೆಂಡತಿಯನ್ನು ಕರೆದ. ಕಾಣುತ್ತಿದೆಯಾ ಎಂದು ಕೇಳಿದ.

"ಕಾಣ್ತಿದೀರಿ," ಒಳಗಿನಿಂದ ಅವಳ ದನಿ ಬಂತು. "ಮಸುಕು ಮಸುಕಾಗಿ. ಬಾವಲಿ ತರ."

"ಅಕ್ಕ?"

ಒಳಗೆ ಮಂಚ ಕಿರುಗುಟ್ಟಿತು.

"ಕಣ್ಣು ಅಲ್ಲೇ ಇದೆ ರೀ. ನೋಡ್ತಿದಾರೋ ಇಲ್ವೋ ನಾನು ಹೇಗೆ ಹೇಳ್ಲಿ."

ಸುಳ್ಳು ಹೇಳಬಹುದಿತ್ತು ಅವಳು. ಹೇಳಲಿಲ್ಲ. ಮೇಸ್ತ್ರಿ ಕಿಟಕಿಯ ಕಡೆ ಮುಖ ಮಾಡಿ ನಿಂತ. "ಅಕ್ಕಾ, ಇಲ್ನೋಡು" ಎಂದ, ಮೆಲ್ಲಗೆ, ಕೆಳಗಿನವರಿಗೆ ಕೇಳದ ಹಾಗೆ. ಗಾರೆ ಮೆತ್ತಿದ ಕೈ ಎತ್ತಿ, ಅಂಗೈಯನ್ನು ನಿಧಾನಕ್ಕೆ ಮಗುಚಿದ, ಅಂದು ಅಕ್ಕ ಮಾಡಿದ ಹಾಗೇ. ಮತ್ತೆ ಮಗುಚಿದ. ಒಳಗಿನಿಂದ ಹೆಂಡತಿ ಏನಾದರೂ ಹೇಳುತ್ತಾಳೆಂದು ಕಿವಿಗೊಟ್ಟ.

ಬಿಸಿಲು ಗೋಡೆಯಿಂದ ಸರಿಯತೊಡಗಿತ್ತು, ಗಾರೆ ಬಿಗಿಯತೊಡಗಿತ್ತು. ಅದು ಯಾರಿಗೂ ಕಾಯುವುದಿಲ್ಲ. ಅವನು ಕರಣೆ ಎತ್ತಿಕೊಂಡು ಗೋಡೆಗೆ ತಿರುಗಿದ. ಕಿಟಕಿಯ ಎದುರಿಗಿನ ಆ ಭಾಗ ಆಗಲೇ ಕನ್ನಡಿಯಂತೆ ನುಣುಪಾಗಿತ್ತು, ಇನ್ನು ಅಲ್ಲಿ ಮಾಡಲು ಏನೂ ಇರಲಿಲ್ಲ. ಆದರೂ ಅಲ್ಲೇ ಕೈ ಆಡಿಸಿದ, ಉದ್ದಕ್ಕೆ, ಅಡ್ಡಕ್ಕೆ, ತೋಳನ್ನು ಅಗಲವಾಗಿ ಬೀಸಿ.

ಕೆಳಗಿನಿಂದ ಕಂಟ್ರಾಕ್ಟರ್ ಕೂಗಿ ಹೇಳಿದ: "ಸಾಕು ಬಿಡಯ್ಯ, ಆ ಕಡೆ ಮುಗಿಸು. ಅಲ್ಲಿ ಯಾರು ನೋಡ್ತಾರೆ?"

ಹ್ಞೂಂ, ಆಯ್ತು ಎಂದ ಮೇಸ್ತ್ರಿ. ಎಂದರೂ, ಬಿಸಿಲಿನ ಕೊನೆಯ ಗೆರೆ ಗೋಡೆ ಬಿಟ್ಟು ಹೋಗುವ ತನಕ ಕೈ ನಿಲ್ಲಿಸಲಿಲ್ಲ.