ಕೊಯಮತ್ತೂರಿಗೆ ಒಂದು ಗಂಟೆ

ನನ್ನ ಸೋದರಮಾವನಿಗೆ ಎಡಗಿವಿ ಅರ್ಧವೇ ಇತ್ತು. ಯುದ್ಧಕಾಲದಲ್ಲಿ ವಿಮಾನಕ್ಕೆ ಹತ್ತಿದ ಬೆಂಕಿ ತಿಂದು ಉಳಿಸಿದ್ದು ಅಷ್ಟು. ಗುಂಡ್ಲುಪೇಟೆಯ ನಮ್ಮ ಬೀದಿಯ ಮಕ್ಕಳು ಕೇಳಿದರೆ, "ಮೋಡ ಕಚ್ಬುಡ್ತು ಕಣ್ರಲಾ" ಎನ್ನುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ಅವರು ಕೊಯಮತ್ತೂರಿನ ಗಿರಣಿ ಮಾಲೀಕರೊಬ್ಬರ ಪುಟ್ಟ ವಿಮಾನ ಓಡಿಸುತ್ತಿದ್ದರು. ಮೈಸೂರಿನಿಂದ ಅಲ್ಲಿಗೆ ಆಕಾಶಮಾರ್ಗದಲ್ಲಿ ತೊಂಬತ್ತು ಮೈಲಿಯೊಳಗೆ, ಸುಮಾರು ಒಂದು ಗಂಟೆ. ಬಸ್ಸಿನಲ್ಲಿ ದಿಂಬಂ ಘಾಟಿ ಇಳಿಯುವ ನಮಗೆ ಇಡೀ ದಿನ. ಅಮ್ಮ ಚುಚ್ಚುತ್ತಿದ್ದಳು: "ನಿನ್ ಗಂಟೆ ನಂಬ್ಕಂಡು ಅನ್ನಕ್ಕಿಟ್ರೆ ತಂಗಳಾಯ್ತದೆ." ಮಾವ ನಗುತ್ತಿದ್ದರು: "ದೂರ ಎಷ್ಟೂಂತ ನಾ ಏಳ್ತೀನಕ್ಕ. ಒತ್ತೆಷ್ಟೂಂತ ಗಾಳಿ ಏಳ್ಬೇಕು." ಹಿತ್ತಲಲ್ಲಿ ಒಣಗಲು ಹಾಕಿದ ಸೀರೆ ಬೀಸುವುದನ್ನೂ ಅವರು ನಿಂತು ನೋಡುತ್ತಿದ್ದರು.

ಬಿ.ಎಸ್ಸಿ. ಓದುತ್ತಿದ್ದ ನನ್ನನ್ನು ಒಂದು ಸುಗ್ಗಿಯಲ್ಲಿ ಮೈಸೂರಿನಿಂದ ಹತ್ತಿಸಿಕೊಂಡರು. ಎಡಕ್ಕೆ ಚಾಮರಾಜನಗರ, ಬಲಕ್ಕೆ ನಮ್ಮೂರು ಕಾಣುತ್ತಿದ್ದಾಗ ಎಂಜಿನ್ನಿನೊಳಗೆ ಬಂಡೆ ಸಿಡಿದಂಥ ಸದ್ದಾಯಿತು. ಕಪ್ಪು ಎಣ್ಣೆ ಗಾಜಿಗೆ ರಾಚಿತು. ಆಮೇಲೆ ಗಾಳಿಯ ಸಿಳ್ಳು ಮಾತ್ರ.

"ರಾಗಿ ಒಟ್ಟು ಎತ್ತಗಾರ್ತದೆ ನೋಡ್ಲಾ ಅಳಿಯ!"

ಉಡಿಗಾಲದ ಬಳಿ ಒಂದು ಕಣದಲ್ಲಿ ರಾಗಿ ತೂರುತ್ತಿದ್ದರು. ಹೊಟ್ಟು ಪಡುವಣಕ್ಕೆ ಹಾರುತ್ತಿತ್ತು. ಮಾವ ಗಾಳಿಗೆ ಎದುರಾಗಿ, ಕಣದ ಹಿಂದಿನ ಕೊಯ್ದ ಹೊಲಕ್ಕೆ ವಿಮಾನ ಇಳಿಸಿದರು; ಅದು ನಿಲ್ಲದೆ ಕಣದತ್ತಲೇ ಓಡಿತು.

ಜನ ಓಡಿಹೋಗುತ್ತಾರೆಂದು ಇಬ್ಬರೂ ನಂಬಿದ್ದೆವು. ಅವರು ಓಡಿದ್ದು ತೂರಿ ಗುಡ್ಡೆ ಹಾಕಿದ್ದ ರಾಶಿಯ ಕಡೆಗೆ. ಪೂಜೆಯಾದ ರಾಶಿಯನ್ನು ಅಳೆಯುವ ತನಕ ಬಿಟ್ಟು ಹೋಗುವಂತಿಲ್ಲ. ಗಂಡಸರು ಹೆಂಗಸರೆಲ್ಲ ಕಾಳಿನ ಮೇಲೆ ಬೋರಲು ಬಿದ್ದು ತಬ್ಬಿಕೊಂಡರು. ವಿಮಾನ ಅವರ ಮೇಲೆಯೇ ನುಗ್ಗುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ನುಗ್ಗುತ್ತಲೇ ಇರುತ್ತದೆ. ಮಾವ ಬಲಕ್ಕೆ ತಿರುಗಿಸಿದರು. ಅತ್ತ ಹುಣಸೆಮರವಿತ್ತು. ಎಡರೆಕ್ಕೆ ಕಣದ ನಡುವಿನ ಮೇಟಿಗಂಬಕ್ಕೆ ಬಡಿದು, ಕಂಬ ಸಿಡಿಯಿತು. ಮರದ ಬೊಡ್ಡೆ ಮಾವನ ಎದೆಯವರೆಗೆ ಒಳಗೆ ಬಂತು.

ಹೊರಗೆ ಬಿದ್ದ ನಾನು, ಸುರಿಯುತ್ತಿದ್ದ ಪೆಟ್ರೋಲಿಗೆ ಹೆದರಿ, ಸಹಾಯಕ್ಕೆ ಕೂಗುತ್ತ ನೇರ ಕಣದೊಳಕ್ಕೆ ಓಡಿದೆ.

"ಬೂಟ್ಗಾಲಲ್ಲಿ ರಾಶಿ ತುಳೀತಾವ್ನೆ, ಬಡೀರ್ಲಾ!"

ಮೊದಲ ಪೆಟ್ಟು ಭುಜಕ್ಕೆ, ಎರಡನೆಯದು ಬಾಯಿಗೆ. ನನ್ನ ರಕ್ತ ರಾಗಿಯ ಮೇಲೆ ತೊಟ್ಟಿಕ್ಕಿತು. ಕಣದ ಯಜಮಾನ ಎಡಗೈಯಲ್ಲಿ ದೊಣ್ಣೆ ಎತ್ತಿ ನನ್ನ ತಲೆಗೆ ಗುರಿಯಿಟ್ಟ.

"ಬೂಟ್ ಬಿಚ್ಲಾ ಮೂದೇವಿ, ರಾಶಿ ಅದು!" ಮುರಿದ ವಿಮಾನದೊಳಗಿಂದ ಮಾವ ಅರಚಿದರು. "ಒಡೀಬ್ಯಾಡಿ ಕಣ್ರಪ್ಪ. ನಮ್ಮಕ್ಕನ ಮಗ. ಕಾಲೇಜು ಓದವ್ನೆ, ಅವನ್ಗೇನೂ ಗೊತ್ತಾಗಕಿಲ್ಲ."

ದೊಣ್ಣೆ ಕೆಳಗಿಳಿಯಿತು. "ನಮ್ ಕಡೆಯೋನು ಕಣ್ರಲಾ, ಎಳೀರಿ!" ಎಂದು ಯಜಮಾನನೇ ಕೂಗಿದ. ತಗಡು ಅಂಗೈ ಸೀಳುತ್ತಿದ್ದರೂ ಕಿತ್ತು, ಮಾವನನ್ನು ಹೊರತೆಗೆದು, ಗಾಡಿಯಲ್ಲಿ ಮಲಗಿಸಿ ಚಾಮರಾಜನಗರದ ಆಸ್ಪತ್ರೆಗೆ ಹೊರಟರು. ಆಕಾಶದಲ್ಲಿ ನಾಲ್ಕೈದು ನಿಮಿಷದ ದಾರಿ. ಎತ್ತುಗಳ ಬಾಯಲ್ಲಿ ನೊರೆ ಬಂದರೂ ಅದು ಸವೆಯಲಿಲ್ಲ.

"ರಾಶಿ ತಾವಿದ್ದೋರು?" ಮಾವ ಕೇಳಿದರು.

"ಯಾರ್ಗೂ ಏನೂ ಆಗಿಲ್ಲ ಕಣಪ್ಪ, ಸುಮ್ಕಿರು" ಎಂದ ಯಜಮಾನ. ಮೇಟಿಗಂಬದ ಸೀಳು ಬಡಿದು ಅವನ ಬಲಗೈ ಮಣಿಕಟ್ಟಿನಲ್ಲಿ ಮುರಿದು ಜೋತಾಡುತ್ತಿತ್ತು. ಮಾವ ಅತ್ತ ತಿರುಗುವ ಮೊದಲೇ ಅವನು ಅದನ್ನು ಕಂಬಳಿಯೊಳಕ್ಕೆ ಎಳೆದುಕೊಂಡ.

"ನಿಜವೇನ್ಲಾ?" ಎಂದು ಮಾವ ನನ್ನನ್ನು ಕೇಳಿದರು.

"ನಿಜ ಮಾವ" ಎಂದೆ.

ಅವರು ಕಣ್ಣು ಮುಚ್ಚಿದರು. ಉಸಿರು ನಿಂತದ್ದು ಗೊತ್ತಾದ ಮೇಲೂ ಯಜಮಾನ ಗಾಡಿ ನಿಲ್ಲಿಸಲು ಬಿಡಲಿಲ್ಲ.