ಹಾಡು ನಿಂತ ಹಡಗು

ಆಲ್ಸೀಡ್ ಫಾಂಟೆನೆಲ್‌ನ ಗಂಟಲು ನ್ಯೂ ಆರ್ಲಿಯನ್ಸ್ ಬಂದರಿಗೆಲ್ಲ ಗೊತ್ತು. ಅವನ ಮೂಗಿನ ತುದಿಯ ಸಿಟ್ಟೂ ಗೊತ್ತು. ಹಡಗಿನ ಹೊಟ್ಟೆಯಲ್ಲಿ ಹತ್ತಿ ಅಂಡಿಗೆಗಳನ್ನು ಕಬ್ಬಿಣದ ತಿರುಪಿನಿಂದ ಒತ್ತಿ ಒತ್ತಿ ತುಂಬುವ ಕೆಲಸ ಅವನದು. ಅವನು ಹಾಡಿನ ಒಂದು ಸಾಲು ಎಳೆದರೆ ಸಂಗಡಿಗರು "ಹೋ" ಎಂದು ತಿರುಪು ತಿರುಗಿಸಬೇಕು. ಹಾಡು ತಪ್ಪಿದರೆ ಕೈ ತಪ್ಪುತ್ತದೆ, ಕೈ ತಪ್ಪಿದರೆ ಬೆರಳು ಹೋಗುತ್ತದೆ.

ಎಡಕ್ಕೆ ಆಲ್ಸೀಡ್‌ನ ಕರಿಯರ ತಂಡ, ಬಲಕ್ಕೆ ಬಿಳಿಯರದು. ನೀರಿನ ಬಕೆಟ್ಟೂ ಬೇರೆ. ಹಿಂದೊಮ್ಮೆ ಕೆಲಸಕ್ಕಾಗಿ ಇದೇ ದಂಡೆಯಲ್ಲಿ ಬಿಳಿಯರು ಕರಿಯರ ಮೇಲೆ ಗುಂಡು ಹಾರಿಸಿದ್ದರು. ಆಲ್ಸೀಡ್‌ನ ಭುಜದಲ್ಲಿ ಅದರ ಗುರುತಿದೆ. ಈಗ ಇಬ್ಬರ ಕೂಲಿ ಸಂಘಗಳೂ ಕೂಡಿ, ದಿನಕ್ಕೆ ಇಷ್ಟೇ ಅಂಡಿಗೆ, ಮೇಲೊಂದೂ ಇಲ್ಲ, ಒಬ್ಬರು ಕೆಲಸ ನಿಲ್ಲಿಸಿದರೆ ಇನ್ನೊಬ್ಬರೂ ನಿಲ್ಲಿಸಬೇಕು ಎಂದು ಮಾತು ಕೊಟ್ಟುಕೊಂಡಿದ್ದವು. ಆಲ್ಸೀಡ್‌ಗೆ ನಂಬಿಕೆಯಿರಲಿಲ್ಲ. ತಾವು ಕೆಲಸ ನಿಲ್ಲಿಸಿದ ಗಳಿಗೆಯೇ ಬಿಳಿಯರು ತಮ್ಮ ಅನ್ನ ಕಸಿಯುತ್ತಾರೆಂದೇ ಅವನ ಲೆಕ್ಕ.

ಆ ಸೋಮವಾರ ಮೇಸ್ತ್ರಿ ಪ್ರೆಂಟಿಸ್ ಇಳಿದು ಬಂದ.

"ಏನಯ್ಯಾ ಆಲ್ಸೀಡ್, ಹೆಣ ಹೊರೋ ಹಾಡಾ ಅದು? ಬೇಗ ಹಾಡು!"

"ನನ್ ಗಂಟ್ಲು ನಿಮ್ಮಪ್ಪನ ಗಾಡಿ ಕುದುರೆ ಅಲ್ಲ ಧಣಿ, ಚಾವಟಿ ಬೀಸಿದ್ರೆ ಓಡೋಕೆ!"

"ಹಾಗೋ? ನಡಿ ಮೇಲಕ್ಕೆ. ಇನ್ನು ಈ ಕಡೆ ತಲೆ ಹಾಕ್ಬೇಡ."

ಆಲ್ಸೀಡ್ ಏಣಿ ಹತ್ತಿದ, ಅವನ ತಂಡವೂ ಹಿಂದೆಯೇ. ಪ್ರೆಂಟಿಸ್ ಬಲಕ್ಕೆ ತಿರುಗಿದ: "ಕೀಹೋ, ಅವರ ಜಾಗಾನೂ ನಿಮ್ಗೇ. ಹೂಂ, ಒತ್ತಿ!"

ಬಿಳಿಯರ ತಂಡದ ಮುಂದಾಳು, ಐರಿಷರ ಕೀಹೋ ತಲೆಯೆತ್ತದೆ ತಿರುಪು ಹಿಡಿದ.

"ಹೇಳ್ಲಿಲ್ವಾ ನಾನು!" ಮೇಲಿನಿಂದ ಬಗ್ಗಿ ನೋಡುತ್ತ ಆಲ್ಸೀಡ್ ಹಲ್ಲು ಕಡಿದ.

ಆದರೆ ಕೆಳಗೆ ಒಬ್ಬ ಮುಂಚೆ ತಳ್ಳಿದ, ಇನ್ನೊಬ್ಬ ಆಮೇಲೆ. ಅಂಡಿಗೆ ಸೊಟ್ಟಗೆದ್ದು ಧೊಪ್ಪನೆ ಬಿತ್ತು. ಇಷ್ಟು ವರ್ಷ ಮುಖ ತಿರುಗಿಸಿಕೊಂಡಿದ್ದ ಬಿಳಿಯರ ಕೈ ಆಡುತ್ತಿದ್ದುದೂ ಆಲ್ಸೀಡ್‌ನ ಹಾಡಿಗೇ!

"ನೀನೇ ಹಾಡೋ ಕೀಹೋ!" ಎಂದ ಒಬ್ಬ. ಕೀಹೋ ಬಾಯಿ ತೆಗೆದ. ಬಾಲ ಬಾಗಿಲಿಗೆ ಸಿಕ್ಕ ಬೆಕ್ಕಿನ ದನಿ. ಅವನವರೇ ಬಿದ್ದು ಬಿದ್ದು ನಕ್ಕರು. ಕೀಹೋನ ಮುಖ ಕೆಂಪಾಯಿತು, ತಿರುಪು ಕೈಬಿಟ್ಟ.

"ಬೆರಳು ನಮ್ದು ಮೇಸ್ತ್ರಿ, ಕೊಟ್ಟ ಮಾತೂ ನಮ್ದು. ಅವನಿಲ್ದೆ ನಾವಿಲ್ಲ."

ಎಲ್ಲರೂ ಮೇಲೆ ಬಂದರು. ಆಲ್ಸೀಡ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಇಷ್ಟು ವರ್ಷ ಬಿಟ್ಟಿ ಹಾಡಿಸ್ಕೊಂಡ್ರಲ್ಲೋ ಕಳ್ರಾ!"

"ಏನ್ಮಾಡೋದಪ್ಪಾ, ಕಿವಿಗೆ ಬಾಗಿಲಿಲ್ವಲ್ಲ," ಎಂದ ಕೀಹೋ.

ಎರಡೂ ತಂಡದವರು ದಂಡೆಯ ಕಟ್ಟೆಯ ಮೇಲೆ ಕೂತು ಕೆಂಪು ಕಾಳಿನ ಸಾರು, ಅನ್ನ ಉಂಡರು. ಅವರವರ ಬಕೆಟ್ಟಿನ ನೀರನ್ನೇ ಕುಡಿದರು. ಊಟ ಮುಗಿಯುವುದರೊಳಗೆ, ಕೆಲಸ ನಿಂತದ್ದಕ್ಕೆ ಹಡಗಿನ ಕಪ್ತಾನನ ಬೈಗುಳ ತಿಂದು ಪ್ರೆಂಟಿಸ್ ಓಡಿ ಬಂದ.

"ಬಾರಯ್ಯಾ ಆಲ್ಸೀಡ್, ಹೇಗಾದ್ರೂ ಹಾಡು!"

ಆಲ್ಸೀಡ್ ಇಳಿದ. ಮೊದಲಿಗಿಂತ ನಿಧಾನವಾಗಿ, ಪ್ರೆಂಟಿಸನ ಹೊಟ್ಟೆಯನ್ನು ಅಣಕಿಸುವ ಹೊಸ ಸಾಲೊಂದನ್ನು ಕಟ್ಟಿ ಹಾಡಿದ. ಎಡದಿಂದಲೂ ಬಲದಿಂದಲೂ ಒಂದೇ "ಹೋ" ಎದ್ದಿತು.